ಏಳು ಆಂಗ್‌ಸ್ಟ್ರಾಮ್

ಅಬರ್ಡೀನ್, ಜನವರಿ. ಎಂಟೂವರೆಯಾದರೂ ಕತ್ತಲು.
ಗ್ರಾನೈಟ್ ಕಟ್ಟಡದ ಎರಡನೇ ಮಹಡಿಯಲ್ಲಿ
ನನ್ನ ಫ್ಲಾಸ್ಕಿನೊಳಗೆ ಒಂದು ಬಿಳುಪು
ಉಸಿರು ಬಿಗಿಹಿಡಿದು ಕೂತಿದೆ.

ಮ್ಯಾಂಗನೀಸ್ ಹೈಡ್ರಾಕ್ಸೈಡ್.
ಅಕ್ಕಿ ತೊಳೆದ ನೀರಿನ ಬಣ್ಣ.
ಹಾಳೆಯ ಮೇಲೆ ಹಾಳೆ, ಚಿರೋಟಿಯ ಹಾಗೆ,
ಆದರೆ ನಡುವೆ ಒಂದು ಹನಿ ನೀರಿಗೂ ಎಡೆಯಿಲ್ಲ.
ಗಾಳಿ ಸೋಕಿದರೆ ಸಾಕು, ಕಂದಿಬಿಡುತ್ತದೆ.
ಅದಕ್ಕೇ ಸಾರಜನಕದ ಕಾವಲು,
ಗುಳುಗುಳು, ಗುಳುಗುಳು, ದಿನವಿಡೀ.

ಮೇಲಿಂದ ನಾನು ನೇರಳೆ ಹನಿಸಬೇಕು.
ಪರ್ಮಾಂಗನೇಟು: ಸಂಡೂರಿನ ಬಾವಿಗೆ
ಪಂಚಾಯ್ತಿಯವರು ಸುರಿಯುತ್ತಿದ್ದ ಅದೇ ಪುಡಿ,
ಎರಡು ದಿನ ಬಾವಿಗೆ ನೇರಳೆಹಣ್ಣು ತಿಂದ ನಾಲಗೆ.
ಇದು ಕಸಿಯುತ್ತದೆ, ಅದು ಕೊಡುತ್ತದೆ,
ಕಸಿದದ್ದೂ ಕೊಟ್ಟದ್ದೂ ಕೊನೆಗೆ ಒಂದೇ ಕಂದು.
ಯಾರು ಯಾವುದೆಂದು ಆಮೇಲೆ ಕೇಳಿದರೆ
ಹೇಳುವ ಯಂತ್ರ ನಮ್ಮಲ್ಲಿಲ್ಲ.

ಹನ್ನೊಂದು ಸಲ ಮಾಡಿದೆ. ಹನ್ನೊಂದು ಸಲವೂ
ಕ್ಷ-ಕಿರಣದ ಗ್ರಾಫಿನಲ್ಲಿ ಶಿಖರ ಏಳಬೇಕಾದಲ್ಲಿ
ಸವೆದ ದಿಬ್ಬ.
ಅವಸರ, ಅಂದಳು ಎಲ್ಸ್‌ಪೆತ್ ಡಥಿ,
ಮೂವತ್ತೊಂದು ವರ್ಷ ಇಲ್ಲಿನ ಗಾಜು ತೊಳೆದವಳು,
ನೇರಳೆಗೂ ಅವಸರ, ನಿನಗೂ.

ಶುಕ್ರವಾರ ಹಿಮ. ಬಸ್ಸು ನಿಂತಿತು. ಬಾಯ್ಲರು ಸತ್ತಿತು.
ಸೋಮವಾರ ಬಾಗಿಲು ತೆಗೆದರೆ ಒಳಗೆ ನಾಲ್ಕು ಡಿಗ್ರಿ,
ಸಿಲಿಂಡರು ಖಾಲಿ,
ಬಿರಡೆಯ ಸಂದಿಯಿಂದ ಗಾಳಿ ಕಳ್ಳಹೆಜ್ಜೆಯಲ್ಲಿ ಬಂದು
ಮೂರು ರಾತ್ರಿ ತಂಗಿತ್ತು.
ಫ್ಲಾಸ್ಕಿನ ತುಂಬ ಕಪ್ಪುಗಂದು.
ಚೆಲ್ಲಲು ಎತ್ತಿದೆ. ಎಲ್ಸ್‌ಪೆತ್ ಕೈ ಅಡ್ಡ ತಂದಳು.

ತೊಳೆದೆವು, ಲಿಟ್ಮಸ್ ಸುಮ್ಮನಾಗುವ ತನಕ ತೊಳೆದೆವು.
ಒಲೆಗಿಡದೆ ಕಿಟಕಿಯ ಕಟ್ಟೆಯಲ್ಲೇ ಆರಲು ಬಿಟ್ಟೆವು.
ಬುಧವಾರ ಎದ್ದಿತು
ಏಳು ಆಂಗ್‌ಸ್ಟ್ರಾಮಿನ ಗುರುತಿಗೆ ಸರಿಯಾಗಿ
ಒಂದು ಶಿಖರ, ದಬ್ಬಣದಂತೆ.

ಹಾಳೆ ಹರಿದಿಲ್ಲ. ಎಲೆಕ್ಟ್ರಾನುಗಳು ಹೋದವು, ಅಷ್ಟೆ.
ಹಾಳೆ ಹಾಳೆಗಳ ನಡುವೆ ಸೋಡಿಯಂ, ಅದರ ಬೆನ್ನಿಗೆ ನೀರು,
ಬಾಡಿಗೆಗೆ ಬಂದವರ ಹಾಗೆ
ನಡುಮನೆಯಲ್ಲಿ ಚಾಪೆ ಹಾಸಿದ್ದವು.

ಬೆಚ್ಚಗಿದ್ದಿದ್ದರೆ ಇದು ಪದರಾಗುತ್ತಿರಲಿಲ್ಲ.
ಸಂಡೂರಿನ ಮೇ ತಿಂಗಳಲ್ಲಿ ಬೇರೆಯೇ ಹರಳಾಗುತ್ತಿತ್ತು,
ಸಂದಿಯಿಲ್ಲದ್ದು, ಯಾರನ್ನೂ ಒಳಗೆ ಬಿಟ್ಟುಕೊಳ್ಳದ್ದು.
ಅಲ್ಲಿ ಅದಿರು ಆರಿಸಿ ಬಂದ ಚಿಕ್ಕಮ್ಮ
ಸಂಜೆ ಹುಣಸೆಹುಳಿಯಲ್ಲಿ ಕೈ ಉಜ್ಜುತ್ತಿದ್ದಳು.
ಕಪ್ಪು ಬಿಡುತ್ತಿತ್ತು,
ಉಗುರಿನ ಬುಡದ್ದು ಬಿಟ್ಟು.
ಸಮೀಕರಣ ಬರೆದಿರಲಿಲ್ಲ ಅವಳು.

ಶನಿವಾರ ಎಲ್ಸ್‌ಪೆತ್ ಕಾರಿನಲ್ಲಿ ಕರೆದೊಯ್ದಳು
ಬರ್ನೆಸ್‌ಗೆ, ಈ ಖನಿಜ ತನ್ನ ಹೆಸರು ಪಡೆದ ಜಾಗಕ್ಕೆ.
ಊರೆಂದರೆ ಊರಲ್ಲ. ಎರಡು ಮನೆ, ಒಂದು ತಿರುವು,
ನಮ್ಮನ್ನು ಗಮನಿಸದ ಕುರಿಗಳು.
ದಾರಿಯಂಚಿನ ಜಲ್ಲಿಯಲ್ಲಿ ಬಗ್ಗಿ ಹುಡುಕಿದೆ,
ಒಂದು ಕಲ್ಲಿಗೆ ಕಾಡಿಗೆಯಷ್ಟು ಕಪ್ಪು.
ಅದೇನಾ?
ಇರಬಹುದು, ಅಂದಳು. ಡಾಂಬರೂ ಇರಬಹುದು.

ಹೆಬ್ಬೆರಳಿಗೆ ಹತ್ತಿತು. ಉಜ್ಜಿದರೆ ಹೋಗಲಿಲ್ಲ.
ಹುಣಸೆ ಬೇಕಿತ್ತು, ಅಂದೆ.
ಹಾಗಂದರೇನೆಂದು ಕೇಳಿದಳು. ಹುಳಿ, ಅಂದೆ.
ನಮ್ಮಜ್ಜಿ ರೂಬಾರ್ಬ್ ದಂಟು ಉಜ್ಜುತ್ತಿದ್ದಳಪ್ಪ, ಅಂದಳು,
ಆದರೆ ಅದು ಬರುವುದು ಏಪ್ರಿಲ್‌ಗೆ,
ಗೇರು ಹಾಕಿ ಕಾರು ಹಿಂದಕ್ಕೆ ತಿರುಗಿಸುತ್ತ.