ಲಾಭ, ಎರಡು, ಮೂರು

ದಾವಣಗೆರೆ ಎಪಿಎಂಸಿ, ವೇಬ್ರಿಡ್ಜಿನ ಕ್ಯಾಬಿನ್ನು,
ಮೆಕ್ಕೆಜೋಳದ ಸುಗ್ಗಿ.
ಕೀಬೋರ್ಡಿನ ಸಂದಿಗೂ ಹಳದಿ ಹೊಟ್ಟು.
ದಿನಾ ನಾಲ್ಕೂಕಾಲಿಗೆ ಸರಿಯಾಗಿ
ಯಂತ್ರ ಉಸಿರು ಹಿಡಿದು ನಿಂತುಬಿಡುತ್ತದೆ.
"ಮೇಡಮ್ಮೋರೆ, ಮತ್ತೆ ಮಲ್ಕಂತು," ಎನ್ನುತ್ತಾನೆ ದಾದಾಪೀರ್,
ಎಮ್ಮೆಯ ಸುದ್ದಿ ಹೇಳಿದ ಹಾಗೆ.

ಒಳಗೆ ಇಳಿದು ನೋಡಿದೆ.
ಬೆಳಿಗ್ಗೆಯಿಂದ ತೂಗಿಸಿಕೊಂಡು ಹೋದ ಇನ್ನೂರ ಹನ್ನೊಂದು ಲಾರಿಗಳಲ್ಲಿ
ಒಂದೂ ಹೋಗಿಲ್ಲ.
ಹರಿಹರ ದಾಟಿದವು, ರಾಣೆಬೆನ್ನೂರಲ್ಲಿ ಚಹಕ್ಕೆ ನಿಂತವು,
ಯಾವುದೋ ಗೋದಾಮಿನಲ್ಲಿ ಇಳಿಸಿ ಹಗುರಾದವು.
ಯಂತ್ರದ ನೆನಪಿನಲ್ಲಿ ಮಾತ್ರ
ನಾಲ್ಕು ನಾಲ್ಕು ಫೋಟೋ ಸಮೇತ
ಹಲಗೆಯ ಮೇಲೇ ಇವೆ, ಎಂಜಿನ್ ಆರಿಸದೆ.

ಕೆಳಗಿನ ಮನೆ ಸಿ ಪ್ಲಸ್ ಪ್ಲಸ್ಸಿನದು,
ಕಟ್ಟಿದವರು ಮುರಿಗೆಪ್ಪ ಮೇಷ್ಟ್ರು,
ಪಾಲಿಟೆಕ್ನಿಕ್ಕಿನಲ್ಲಿ ನನಗೂ ಪಾಠ ಹೇಳಿದವರು.
ಮೇಲಿನ ಅಟ್ಟ ಪೈಥಾನಿನದು, ನನ್ನದು.
ಎರಡೂ ಕಡೆ ನೇಮ ಒಂದೇ:
ಯಾರಾದರೂ ಹಿಡಿದರೆ ಲೆಕ್ಕ ಒಂದು ಏರಲಿ,
ಬಿಟ್ಟರೆ ಒಂದು ಇಳಿಯಲಿ,
ಕೊನೆಯ ಕೈ ಸಡಿಲಿದಾಗ ಜಾಗ ತೆರವಾಗಲಿ.
ಆದರೆ ಒಂದೇ ಲಾರಿಗೆ ಎರಡು ವಹಿ.
ಕೆಳಗಿನವರಿಗೆ ಮೇಲಿನ ಕೈ ಕಾಣುವುದಿಲ್ಲ,
ಮೇಲಿನವರಿಗೆ ಕೆಳಗಿನದು.

ಮೊದಲು ನಾನು ಜಾಣೆ ಅಂದುಕೊಂಡು
ನನ್ನ ಲೆಕ್ಕ ಮುಗಿದದ್ದೇ ಅಳಿಸಿಬಿಟ್ಟೆ.
ಕೆಳಗೆ ಇನ್ನೂ ತೂಗುತ್ತಿದ್ದರು.
ತೆರವಾದ ಜಾಗಕ್ಕೆ ಇನ್ಯಾರದೋ ಅಂಕಿ ಬಂದು ಕೂತು
ಆನಗೋಡಿನ ಒಂದು ಟ್ರ್ಯಾಕ್ಟರಿಗೆ
ಮೂರು ಲಕ್ಷ ಕ್ವಿಂಟಲ್ ಎಂದು ಚೀಟಿ ಅಚ್ಚಾಯಿತು.
ಮಾಲೀಕ ಅದನ್ನು ಮಡಚಿ ಜೇಬಿಗಿಟ್ಟು
"ದೇವರು ಕಣ್ ಬಿಟ್ಟ ನೋಡ್ರಿ" ಅಂದ.
ಹಮಾಲರು ನಕ್ಕು ನಕ್ಕು ಚೀಲದ ಮೇಲೆ ಕುಸಿದರು.
ನಾನು ನಗಲಿಲ್ಲ.

ಕಟ್ಟೆಯ ಮೇಲೆ ಆಗ
ಕೊಟ್ರಬಸಪ್ಪನ ಎಣಿಕೆ: ಲಾಭ, ಎರಡು, ಮೂರು.
ಒಂದು ಎನ್ನಬಾರದು, ರಾಶಿಯ ಮುಂದೆ ಒಂದು ಒಂಟಿ.
ಆ ತುದಿಯಲ್ಲಿ ದಾದಾಪೀರ್: ಬರ್ಕತ್, ದೋ, ತೀನ್.
ಅದೇ ಚೀಲ, ಎರಡು ಬಾಯಿ,
ಇಪ್ಪತ್ತು ವರ್ಷದಲ್ಲಿ ಒಂದು ಚೀಲ ಹೆಚ್ಚುಕಮ್ಮಿ ಇಲ್ಲ.
"ಹೆಂಗ್ರಿ?" ಎಂದೆ.
"ಹೆಂಗೇನು ಬಂತು, ಚೀಲ ಕೊಡೋವಾಗ ನಾ ಹೂಂ ಅಂತೀನಿ.
ಅವ ಹಾಂ ಅನ್ನೋ ತನಕ ಕೈ ಬಿಡಂಗಿಲ್ಲ."

ಒಂದು ಹೂಂ, ಒಂದು ಹಾಂ.
ಅದನ್ನೇ ಅಟ್ಟದ ಏಣಿಯ ಮೇಲೆ ಬರೆಯಲು
ನನಗೆ ಎರಡು ರಾತ್ರಿ ಹಿಡಿಯಿತು.

ಆದರೂ ನಾಲ್ಕೂಕಾಲು ಹೋಗಿ ಆರೂವರೆ ಆಯಿತು, ಅಷ್ಟೆ.
ಉಳಿದದ್ದು ಗಂಟು.
ಲಾರಿ ತನ್ನ ಚೀಟಿಯನ್ನು ಹಿಡಿದಿತ್ತು,
ಚೀಟಿ ತನ್ನ ಲಾರಿಯನ್ನು.
ಪೇಟೆಯೆಲ್ಲ ಎರಡನ್ನೂ ಮರೆತರೂ
ಇದರ ಲೆಕ್ಕದಲ್ಲಿ ಅದು, ಅದರ ಲೆಕ್ಕದಲ್ಲಿ ಇದು,
ನೀ ಮೊದಲು ಬಿಡು, ಇಲ್ಲ ನೀ ಬಿಡು.
ಎರಡರಲ್ಲಿ ಒಂದು
ಕಣ್ಣಲ್ಲಿ ಹಿಡಿಯಬೇಕು, ಕೈಯಲ್ಲಲ್ಲ.
ಇದ್ದರೆ ಕಾಣಲಿ, ಇಲ್ಲದಿದ್ದರೆ
ಇಲ್ಲವೆಂದು ತಿಳಿದು ಸುಮ್ಮನಾಗಲಿ.
ಚೀಟಿಗೆ ಹೇಳಿದೆ, ನೀನೇ ಸಡಿಲಿಸು ತಾಯಿ.

ಆ ಸಾಲಿನ ನೆತ್ತಿಯ ಮೇಲೆ ಮೇಷ್ಟ್ರದೊಂದು ಟಿಪ್ಪಣಿ:
ಇಲ್ಲಿ ಗಂಟು ಬೀಳಬಹುದು, ಬಿಡುವಾದಾಗ ನೋಡಬೇಕು. ಮು.
ಬಿಡುವಾಗಲಿಲ್ಲ. ಆ ಶ್ರಾವಣದಲ್ಲೇ ಹೋದರು.
ಕೆಲಸ ಮುಗಿದಿತ್ತು, ಅಳಿಸಬಹುದಿತ್ತು.
ಟಿಪ್ಪಣಿಯನ್ನು ಯಂತ್ರ ಓದುವುದಿಲ್ಲ,
ಯಾವ ಲೆಕ್ಕವೂ ಅದರಿಂದ ಏರುವುದಿಲ್ಲ.
ಇರಲಿ ಎಂದು ಬಿಟ್ಟೆ.

ರಾತ್ರಿ ಹತ್ತಕ್ಕೆ ಕೊನೆಯ ಲಾರಿ ಇಳಿಯಿತು.
ಕೆಂಪು ಅಂಕಿ ನಡುಗಿ ನಡುಗಿ ಸೊನ್ನೆಗೆ ನಿಂತಿತು,
ಕೆಳಗೂ ಸೊನ್ನೆ, ಅಟ್ಟದಲ್ಲೂ ಸೊನ್ನೆ.
ಕೊಟ್ರಬಸಪ್ಪ ಟವೆಲ್ ಕೊಡವಿ "ಖಾಲಿ" ಅಂದ.
ಆ ತುದಿಯಿಂದ ದಾದಾಪೀರ್ "ಖಾಲಿ" ಅಂದ.
ಒಂದನ್ನು ಎರಡು ಹೆಸರಿಂದ ಕರೆಯುವವರು
ಇದಕ್ಕೆ ಮಾತ್ರ
ಒಂದೇ ಮಾತು ಇಟ್ಟುಕೊಂಡಿದ್ದರು.