ಮೂಗಿನ ಕ್ಲಿಪ್ಪು

ಊದಿ, ಊದಿ, ಊದಿ,
ಇನ್ನೂ, ಇನ್ನೂ, ಬಿಡಬೇಡಿ.
ದಿನಕ್ಕೆ ಮೂವತ್ತು ಸಲ ಇದೇ ನನ್ನ ಮಂತ್ರ
ದಾವಣಗೆರೆಯ ಎದೆರೋಗದ ಆಸ್ಪತ್ರೆ, ಒಂಬತ್ತನೇ ಕೋಣೆ.
ಬರುವವರಲ್ಲಿ ಅರ್ಧ ಮಂಡಕ್ಕಿ ಭಟ್ಟಿಯವರು.
ಆರು ಸೆಕೆಂಡು ಅವರಿಗೆ ದೊಡ್ಡದು;
ಮೂರಕ್ಕೇ ಕೆಮ್ಮಿ ನನ್ನ ಮುಖ ನೋಡುತ್ತಾರೆ
ತಪ್ಪು ಮಾಡಿದವರಂತೆ.

ಭಜಂತ್ರಿ ಕೆಂಚಪ್ಪ, ಎಪ್ಪತ್ತೊಂದು.
ಕಸುಬು ಕೇಳಿದರೆ, 'ಸನಾದಿ.
ಮದುವೆ ಇಲ್ಲದ ತಿಂಗಳು ಭಟ್ಟಿ.'
ಕೊಳವೆಯನ್ನು ತಿರುಗಿಸಿ ನೋಡಿ,
ತುಟಿಯಿಂದ ಒದ್ದೆ ಮಾಡಿ,
'ಇದಕ್ಕೆ ಪತ್ತಿ ಇಲ್ಲೇನವ್ವ?' ಅಂದ.

ಊದಿದ.
ಆರು ದಾಟಿತು. ಹತ್ತು. ಹದಿನೈದು.
ಚಪ್ಪಟೆಯಾಗಬೇಕಿದ್ದ ಗೆರೆ ಏರುತ್ತಲೇ ಹೋಯಿತು.
ಕೆನ್ನೆ ಎರಡೂ ಉಬ್ಬಿ, ಕಣ್ಣು ಅರೆಮುಚ್ಚಿ,
ಮದುಮಗಳು ಇನ್ನೂ ಒಳಗೆ ಸೀರೆ ಉಡುತ್ತಿದ್ದಾಳೆ ಎಂಬಂತೆ
ಆತುರವೇ ಇಲ್ಲ.
ಯಂತ್ರ ಕೆಂಪಗೆ ಕೂಗಿತು: ದೋಷ.

ಆಗ ನೋಡಿದೆ. ಬೆವರಿಗೆ ಜಾರಿ
ಕ್ಲಿಪ್ಪು ಅವನ ತೊಡೆಯ ಮೇಲಿತ್ತು.

'ಮೋಸ ಅಲ್ಲವ್ವ, ರೂಢಿ.
ನಿಮ್ಮ ಓಣಿಗೆ ನಲ್ಲಿ ನೀರು ಎಷ್ಟು ದಿನಕ್ಕೆ?'
'ಎಂಟಕ್ಕೆ.'
'ಬರದ ದಿನ ಕೊಡದಾಗಿಂದ ತಗೋತೀಯಲ್ಲ,
ಕೆನ್ನೆ ಅಂದ್ರೆ ಕೊಡ.
ಅದು ಬಗ್ಗಿ ಸುರೀತಿರುವಾಗ್ಲೇ
ಮೂಗಿನಾಗೆ ನಲ್ಲಿ ಬಿಡಬೇಕು.
ಕೇಳೋರಿಗೆ ಗೊತ್ತಾಗಬಾರದು.
ಇಷ್ಟು ಕಲಿಯಾಕೆ ನಾಕು ವರ್ಷ ನನಗೆ.
ಅಲ್ಲಿ ತನಕ ನಮ್ಮಪ್ಪ ಒಂದು ರಾಗ ಮುಟ್ಟಿಸಲಿಲ್ಲ.'

ಹೊಸ ಕ್ಲಿಪ್ಪು ಹಾಕಿದೆ.
ಅದೂ ಸಾಲದೆಂದು ಎರಡು ಬೆರಳಲ್ಲಿ ಒತ್ತಿ ಹಿಡಿದೆ.
ಊದಿ, ಊದಿ,
ಗೆರೆ ಎದ್ದಂತೆ ಮಾಡಿ
ಮಲಗಿತು.

ನೂರಕ್ಕೆ ಮೂವತ್ತೆಂಟು.
ಅಚ್ಚಾದ ಹಾಳೆ ಇನ್ನೂ ಬಿಸಿಯಿತ್ತು, ಅವನು ಓದಲಿಲ್ಲ.
'ಮೊದಲನೇದನ್ನೇ ಇಡಾಕೆ ಬರಂಗಿಲ್ಲೇನು?'
ಬರಲ್ಲ ಅಂದೆ.
ಮೂಗಿನ ಮೇಲೆ ನನ್ನ ಬೆರಳ ಗುರುತು
ಕೆಂಪಗೆ, ಎರಡು.

ಇವತ್ತು ಎಂಟನೇ ದಿನ, ರಾತ್ರಿ ಎರಡು ಗಂಟೆ.
ಕೊಡಗಳನ್ನು ಸಾಲಾಗಿಟ್ಟು,
ಲೋಟದ ನೀರಿಗೆ ಎಳನೀರಿನ ಸ್ಟ್ರಾ ಅದ್ದಿ ಕೂತಿದ್ದೇನೆ.
ಗುಳ್ಳೆ, ಗುಳ್ಳೆ, ಗುಳ್ಳೆ.
ಮೂಗು ನೆನಪಾದ ಕೂಡಲೇ
ಬಾಯಿಗೆ ಮರೆವು.
ಹನ್ನೊಂದನೇ ಸಲವೂ ಅಲ್ಲೇ ಕಡಿಯಿತು.

ಬಚ್ಚಲಲ್ಲಿ ನಲ್ಲಿ ಕೆಮ್ಮಿತು.
ಮೊದಲು ಬರೀ ಗಾಳಿ,
ಉದ್ದಕ್ಕೆ, ಒಂದೇ ಸಮ.
ಕೊಡ ಒಡ್ಡಿ ನಿಂತೆ.