ಲೋಡಿಲ್ಲದ ಗಾಡಿ

ಕುಡಚಡೆ ಸ್ಟೇಶನ್ನಿನ ಎದುರು, ಕಾಯ್ತಾನನ ಅಂಗಡಿಯಲ್ಲಿ
ಗಲ್ಲಾ ನನ್ನದು.
ಜೆರಾಕ್ಸು ಒಂದು ರೂಪಾಯಿ,
ಕಂಪ್ಯೂಟರು ಅರ್ಧ ಗಂಟೆಗೆ ಹತ್ತು.
ನಾಲ್ಕು ಪರದೆಗಳಲ್ಲಿ ಮೂರನೆಯದರಲ್ಲಿ ಮಾತ್ರ
ಆ ಹಳೇ ರೇಸು.
ಸೀಡಿಗೆ ಗೀರು ಬಿದ್ದು, ಶುರುವಾಗುವ ಮುನ್ನ
ಎರಡು ಸಲ ಕೆಮ್ಮುತ್ತಿತ್ತು.

ಗಣಿ ನಿಂತ ವರ್ಷ ಅದು.
ಅದಿರು ಹೊತ್ತು ಸಾಲುಗಟ್ಟಿ ಹೋಗುತ್ತಿದ್ದ ಟಿಪ್ಪರುಗಳು
ಗದ್ದೆಯಂಚು, ಮೈದಾನ, ಇಗರ್ಜಿಯ ಹಿಂಬದಿ, ಎಲ್ಲೆಂದರಲ್ಲಿ
ಹಗ್ಗ ಬಿಚ್ಚಿದರೂ ಏಳದ ಎಮ್ಮೆಗಳ ಹಾಗೆ ಬಿದ್ದುಕೊಂಡವು.
ಡ್ರೈವರುಗಳು ಮೊದಲು ಚಹಾದಂಗಡಿ ತುಂಬಿದರು,
ಆಮೇಲೆ ಮಟ್ಕಾ ಚೀಟಿ ಬರೆಯುವವನ ಬೆಂಚು,
ಆಮೇಲೆ, ಯಾರು ಮೊದಲು ಹೊಕ್ಕರೋ ಗೊತ್ತಿಲ್ಲ,
ನಮ್ಮಲ್ಲಿಗೆ.

ಯಮನೂರಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದ.
ಪರದೆಯ ಮೇಲೆ ಗಾಡಿಗಳು ಒಂದೊಂದಾಗಿ ಸುತ್ತಿ ತೋರಿದವು:
ನೆಲಕ್ಕೆ ಹೊಟ್ಟೆ ತಾಗುವ ಕೆಂಪು,
ಬಾಗಿಲು ರೆಕ್ಕೆಯಂತೆ ಮೇಲಕ್ಕೇಳುವ ಹಳದಿ,
ಕೆಳಗೆ ಡಾಲರಿನಲ್ಲಿ ಬೆಲೆ.
ಸೊನ್ನೆಗಳ ಮೇಲೆ ಬೆರಳಿಟ್ಟು ಎಣಿಸಿದ, ಎರಡು ಸಲ.
ಕೊನೆಗೆ ಕೇಳಿದ್ದಿಷ್ಟು:
‘ತಂಗೀ, ಇದರಾಗ ಕ್ಲೀನರ್ ಎಲ್ಲಿ ಕೂಡತಾನ?’

ಹಳದಿಯದನ್ನೇ ಆರಿಸಿದ.
ಮೂರು, ಎರಡು, ಒಂದು, ಎಲ್ಲರೂ ಹಾರಿ ಹೋದರು.
ಇವನು ಕನ್ನಡಿ ಹುಡುಕುತ್ತ ನಿಂತ.
ಹಾರ್ನಿನ ಗುಂಡಿ ಯಾವುದೆಂದು ನನ್ನಿಂದ ತಿಳಿದು
ಪ್ರತಿ ತಿರುವಿಗೂ ಒತ್ತಿದ,
ಸಮುದ್ರವಲ್ಲದೆ ಯಾರೂ ಇಲ್ಲದ ರಸ್ತೆಯಲ್ಲಿ.
ಶಾಲೆ ತಪ್ಪಿಸಿ ಬಂದ ಹುಡುಗರು ನಕ್ಕರು,
‘ಅಂಕಲ್, ಗ್ಯಾಸ್ ಒತ್ತು, ಗ್ಯಾಸ್!’
ಒತ್ತಿದ.
ಗಾಡಿ ಬೂರಗದ ಅರಳೆಯಾಯಿತು.
‘ಲೋಡಿಲ್ಲ ನೋಡ್ರಿ ಇದಕ್ಕ,
ಹಿಂದ ಹದಿನೈದು ಟನ್ ಕುಂತರ ಗಾಡಿ ಮಾತು ಕೇಳತೈತಿ,
ಇದು ಯಾರ ಮಾತು ಕೇಳಬೇಕು?’
ಅನ್ನುವಷ್ಟರಲ್ಲಿ
ಎದುರು ಬಂದ ಪುಟ್ಟ ನೀಲಿ ಕಾರಿಗೆ ಬಡಿದು
ಹಳದಿ ನಾಲ್ಕು ಪಲ್ಟಿ ಹೊಡೆಯಿತು,
ಚಕ್ರದ ಮೇಲೆ ನಿಂತಿತು.
ಗೀರೂ ಇಲ್ಲ. ನೀಲಿ ಕಾರಿಗೂ ಇಲ್ಲ.
ಅದು ತನ್ನ ಪಾಡಿಗೆ ಹೊರಟುಹೋಯಿತು.

ಹುಡುಗರು ಕೇಕೆ ಹಾಕಿದರು.
ಯಮನೂರಪ್ಪ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.
ಉಳಿದ ಹದಿನೆಂಟು ನಿಮಿಷ
ಹಾಗೇ ಕೂತಿದ್ದ.
ರಿವಣ ರಸ್ತೆಯ ಒಂದು ತಿರುವಿನ ಮಾತು ಬಂದರೆ
ಅವನು ಅರ್ಧ ಚಹಾ ಬಿಟ್ಟು ಏಳುತ್ತಾನೆಂದು
ಆಮೇಲೆ ಯಾರೋ ಹೇಳಿದರು.
ನಾನು ಕೇಳಲಿಲ್ಲ. ಚಿಲ್ಲರೆ ಎಣಿಸುತ್ತಿದ್ದೆ.

ಮರುದಿನವೂ ಬಂದ. ಅದರ ಮರುದಿನವೂ.
ಅದೇ ಹಳದಿ, ಅದೇ ಸಮುದ್ರದ ದಂಡೆ,
ತಾಸಿಗೆ ನಲವತ್ತು, ತಿರುವಿನಲ್ಲಿ ಇಪ್ಪತ್ತು,
ಎದುರು ಗಾಡಿ ಕಂಡರೆ ಬದಿಗೆ ಸರಿದು ದಾರಿ ಬಿಡುವುದು.
ಪೋಲೀಸು ಬೆನ್ನು ಹತ್ತಿದರೆ ನಿಲ್ಲಿಸಿಬಿಡುತ್ತಿದ್ದ,
ಕಾಗದಪತ್ರ ತೋರಿಸುವವನ ಹಾಗೆ
ಅಂಗಿಯ ಜೇಬು ಮುಟ್ಟಿಕೊಳ್ಳುತ್ತಿದ್ದ.

ಪುರಭವದ ದಿನ, ಮಳೆ ಇನ್ನೂ ಬಂದಿರಲಿಲ್ಲ,
ಅಲ್ಲ, ಪುರಭವವಲ್ಲ, ಸಾಂಜಾಂವಿಗೆ ಎರಡು ದಿನ ಮೊದಲು,
ಕೊನೆಯವನಾಗಿ ಗೆರೆ ದಾಟಿದ.
ಗೆದ್ದವನಿಗಿಂತ ಒಂಬತ್ತು ನಿಮಿಷ ತಡ.
ಪರದೆ ‘ಸೋತೆ’ ಎಂದು ಮಿಣುಕುತ್ತಿತ್ತು.
‘ಇದರ ಪ್ರಿಂಟ್ ಬರತೈತೇನ?’
ಕಲರ್ ಹತ್ತು, ಕಪ್ಪು ಬಿಳುಪು ಎರಡು.
ಎರಡರದು ಸಾಕೆಂದ.
ಹಳದಿ ಗಾಡಿ ಬೂದಿಯಾಗಿ ಹೊರಬಂತು.
ಮಡಿಚಿ, ಲೈಸೆನ್ಸಿನ ಪ್ಲಾಸ್ಟಿಕ್ಕಿನೊಳಗೆ ತುರುಕಿ,
‘ಒಂದೂ ಡಿಕ್ಕಿ ಇಲ್ಲ’ ಎಂದ,
ನನಗಲ್ಲ, ಬಾಗಿಲಿಗೆ.

ಟಿಪ್ಪರನ್ನು ಬ್ಯಾಂಕಿನವರು ಎಳೆದುಕೊಂಡು ಹೋದರು.
ಅವನು ಹೊಸಪೇಟೆಗೆ ಹೋದನೆಂದು ಒಬ್ಬರು,
ಇಲ್ಲ, ಮಡಗಾಂವಿನಲ್ಲಿ ಶಾಲೆಯ ಬಸ್ಸೆಂದು ಇನ್ನೊಬ್ಬರು.
ನಮ್ಮ ಉದ್ರಿ ಪುಸ್ತಕದಲ್ಲಿ
ನಲವತ್ತು ರೂಪಾಯಿ ಇನ್ನೂ ಇದೆ.

ಮೂರನೆಯ ಕಂಪ್ಯೂಟರಿನ ಕೀಬೋರ್ಡು ಕೆಟ್ಟಿತು.
ಎಲ್ಲ ಅಂಗಡಿಯಲ್ಲಿ ಮೇಲಿನ ಬಾಣ ಮೊದಲು ಸವೆಯುತ್ತದೆ,
ಇದೇನು ಕೆಳಗಿನದು, ಬ್ರೇಕಿನದು,
ಎಂದು ಕಾಯ್ತಾನ ಕೊಂಕಣಿಯಲ್ಲಿ ಬೈದ.
ಬಿಸಾಡುವ ಮುನ್ನ ತಲೆಕೆಳಗು ಮಾಡಿ
ಗಲ್ಲಾದ ಮೇಲೆ ಒಮ್ಮೆ ಕುಟ್ಟಿದೆ:
ಉದುರಿತು
ಕೆಂಪು ಮಣ್ಣು,
ಒಂದು ಚಮಚದಷ್ಟು.